ಗೋವಿಂದಮ್ಮನ ಕಡೇ ಚೀಟಿ

ರಾಗಿ ಮೂಟೆಯ ಗಂಟು ಬೇರೆಯಾಗಿತ್ತು.

ಗೋವಿಂದಮ್ಮ ಮೂಟೆಯ ಬಾಯಿ ಕಟ್ಟಿದಳೆಂದರೆ ಹುರಿ ಎರಡು ಸುತ್ತು, ಮೇಲೊಂದು ಕುಣಿಕೆ. ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ಹಾಗೇ. ಫೆಬ್ರವರಿಯ ಒಂದು ಬೆಳಿಗ್ಗೆ ಗಿರಣಿಗೆ ಹಾಕಿಸಲು ರಾಗಿ ಅಳೆಯಹೋದರೆ ಕುಣಿಕೆಯೂ ಇಲ್ಲ, ಎರಡನೇ ಸುತ್ತೂ ಇಲ್ಲ. ಯಾರೋ ಅವಸರದಲ್ಲಿ ಒಂದೇ ಒಂದು ಬಿಗಿಗಂಟು ಹಾಕಿ ಹೋಗಿದ್ದಾರೆ. ಮೊಣಕೈವರೆಗೆ ರಾಗಿಯೊಳಗೆ ಕೈ ಇಳಿಸಿ ತಡಕಿದಳು. ಪ್ಲಾಸ್ಟಿಕ್ ಕವರು ಸಿಕ್ಕಿತು. ಬ್ಯಾಂಕಿನ ಪಾಸ್‌ಬುಕ್ಕು, ಎರಡು ಚಿನ್ನದ ಗುಂಡು, ಮಂಗಮ್ಮನ ಚೀಟಿಯ ಹಳದಿ ಕಾರ್ಡು ಎಲ್ಲ ಇದ್ದವು. ಒಂದೂ ಹೋಗಿರಲಿಲ್ಲ.

ಹೋಗಿದ್ದರೇ ವಾಸಿಯಿತ್ತು. ಕಳ್ಳ ಬಂದಿದ್ದ ಎಂದು ಬೀದಿಗೆಲ್ಲ ಕೇಳುವಂತೆ ಬೈದು ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದಿತ್ತು. ತೆಗೆದು, ನೋಡಿ, ಲೆಕ್ಕ ಹಾಕಿ, ಮತ್ತೆ ಇದ್ದಲ್ಲೇ ಇಟ್ಟು ಹೋಗುವ ಕಳ್ಳ ಮನೆಯೊಳಗೇ ಉಣ್ಣುವವನು.

ತಮಿಳುನಾಡಿನ ಹರೂರಿನ ಆ ಎರಡು ಕೋಣೆಯ ಮನೆಯಲ್ಲಿ ಉಣ್ಣುವವರು ಅವಳನ್ನು ಬಿಟ್ಟರೆ ನಾಲ್ಕು ಜನ. ಅತ್ತೆ ಪೆದ್ದಮ್ಮನಿಗೆ ಎಂಬತ್ತೆರಡು. ಬೆರಳೆಲ್ಲ ಸೊಟ್ಟಗಾಗಿ, ಜಗುಲಿಯ ಮೂಲೆ ಹಿಡಿದವಳು. ಗಂಡ ಗೋಪಾಲಪ್ಪ ಹುಣಿಸೆಹಣ್ಣಿನ ಮಂಡಿಯಲ್ಲಿ ತೂಕ ಹಾಕುವವನು. ಅವನ ಮೇಲೆ ಗೋವಿಂದಮ್ಮನಿಗೆ ಅನುಮಾನವೇ ಬರಲಿಲ್ಲ. ಅನುಮಾನಪಡುವಷ್ಟು ಬುದ್ಧಿ ಅವನಿಗಿದೆ ಎಂದು ಅವಳು ಯಾವತ್ತೂ ನಂಬಿದವಳಲ್ಲ. ಮಗ ಸುಬ್ರಮಣಿ ಯಾರದೋ ‘ಕುಟ್ಟಿ ಯಾನೆ’ಯಲ್ಲಿ, ಅಂದರೆ ಮರಿಯಾನೆ ಎಂದು ಹೆಸರಾದ ಸಣ್ಣ ಟೆಂಪೋದಲ್ಲಿ, ಬಾಡಿಗೆಗೆ ಸರಕು ಸಾಗಿಸುತ್ತಾನೆ. ಉಳಿದವಳು ಸೊಸೆ ಮೇನಕಾ. ಕಾರಿಮಂಗಲಂ ಕಡೆಯ ಹುಡುಗಿ, ಬಿ.ಕಾಂ. ಓದಿ ಬಜಾರಿನ ಜವಳಿ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಬಿಲ್ಲು ಹಾಕುತ್ತಾಳೆ. ಮನೆಮಾತು ಕನ್ನಡವೇ ಆದರೂ ಗಂಡನ ಜೊತೆ, ತಮ್ಮನ ಜೊತೆ, ಫೋನಿನ ಜೊತೆ ಎಲ್ಲ ತಮಿಳೇ. ದುಡ್ಡಿನ ವಿಷಯದ ವಿಡಿಯೋಗಳನ್ನು ಪಾತ್ರೆ ತೊಳೆಯುವಾಗಲೂ ಹಾಕಿಕೊಂಡಿರುತ್ತಾಳೆ. ಇನ್ನು ಯಾರು ಅಂತ ಕೇಳಬೇಕೇ?

ಈ ಅನುಮಾನದ ಬುಡದಲ್ಲಿ ಇದ್ದದ್ದು ಚೀಟಿ. ಬೀದಿಯ ಕೊನೆಯ ಮನೆಯ ಮಂಗಮ್ಮ ಹದಿನೆಂಟು ವರ್ಷದಿಂದ ಏಲದ, ಅಂದರೆ ಹರಾಜಿನ, ಚೀಟಿ ನಡೆಸುತ್ತಿದ್ದಳು. ಇಪ್ಪತ್ತು ಜನ, ಇಪ್ಪತ್ತು ತಿಂಗಳು, ತಲೆಗೆ ಐದು ಸಾವಿರ; ತಿಂಗಳಿಗೆ ಒಂದು ಲಕ್ಷ ಸೇರುತ್ತದೆ. ಐದನೇ ತಾರೀಖು ಏಲ. ಅರ್ಜೆಂಟಿರುವವರು ‘ನನಗೆ ಇಷ್ಟು ಕಡಿಮೆಯಾದರೂ ಸರಿ, ಈಗಲೇ ಕೊಡಿ’ ಎಂದು ತಳ್ಳುತ್ತಾರೆ. ಹೆಚ್ಚು ತಳ್ಳಿದವರಿಗೆ ಹಣ. ತಳ್ಳಿದ್ದರಲ್ಲಿ ಮಂಗಮ್ಮನ ಕಮಿಷನ್ ಐದು ಸಾವಿರ ಹೋಗಿ ಮಿಕ್ಕದ್ದು ಇಪ್ಪತ್ತು ಜನಕ್ಕೂ ಹಂಚಿಹೋಗುತ್ತದೆ. ಒಮ್ಮೆ ತೆಗೆದವರು ಮತ್ತೆ ತೆಗೆಯುವಂತಿಲ್ಲ, ಕಟ್ಟುವುದು ಮಾತ್ರ ಕಡೆಯ ತಿಂಗಳವರೆಗೂ ತಪ್ಪದು. ಬಾಯಿ ಮುಚ್ಚಿಕೊಂಡು ಇಪ್ಪತ್ತನೇ ತಿಂಗಳವರೆಗೆ ಕಾದವರಿಗೆ ತಳ್ಳುವ ಗೋಜೇ ಇಲ್ಲ. ಕಮಿಷನ್ ಕಳೆದು ತೊಂಬತ್ತೈದು ಸಾವಿರ ಇಡಿಯಾಗಿ ಕೈಗೆ ಬರುತ್ತದೆ. ಗೋವಿಂದಮ್ಮ ಹಿಂದೆ ಮೂರು ಚೀಟಿ ಕಟ್ಟಿದ್ದಳು, ಮೂರರಲ್ಲೂ ಕಡೇ ಚೀಟಿ ಅವಳದೇ. ಒಂದು ಮನೆಗೆ ತಾರಸಿಯಾಯಿತು, ಒಂದು ಮಗನ ಓದಾಯಿತು, ಒಂದು ಅವನ ಮದುವೆಯ ಊಟವಾಗಿ ಊರವರ ಹೊಟ್ಟೆ ಸೇರಿತು. ಈ ನಾಲ್ಕನೆಯದು ತನಗೆ. ಬರುವ ಸೆಪ್ಟೆಂಬರಿಗೆ ಮುಗಿಯುವುದು.

ಯಾಕೆ ತನಗೆ ಎಂದರೆ, ಶಾಲೆಯ ಮಧ್ಯಾಹ್ನದೂಟದ ಅಡುಗೆ ಕೆಲಸ ಮೇ ತಿಂಗಳಿಗೆ ಮುಗಿಯುತ್ತಿತ್ತು. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಅನ್ನ ಬೇಯಿಸಿ, ಮೊಟ್ಟೆ ಸುಲಿದು ಕೊಟ್ಟ ಕೈ ಇನ್ನು ಮನೆಯಲ್ಲಿ ಕೂರಬೇಕು. ಕೂತ ಹೆಂಗಸಿನ ಗತಿ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಆ ಗತಿ ಕಾಣಿಸುತ್ತಿದ್ದವಳು ಅವಳೇ. ಪೆದ್ದಮ್ಮನಿಗೆ ಸರ್ಕಾರದ ಪಿಂಚಣಿ ತಿಂಗಳಿಗೆ ಸಾವಿರದ ಇನ್ನೂರು. ಬೆರಳೊತ್ತಿಸಿ ಹಣ ಕೊಡುವ ದಿನ ಗೋವಿಂದಮ್ಮ ಪಕ್ಕದಲ್ಲೇ ನಿಂತಿರುತ್ತಾಳೆ. ನೋಟು ಅತ್ತೆಯ ಕೈಗೆ ಬಂದದ್ದೂ ಸೊಸೆಯ ಸೊಂಟಕ್ಕೆ ಹೋದದ್ದೂ ಒಂದೇ ಗಳಿಗೆ. ವಾರಕ್ಕೆ ಇಪ್ಪತ್ತು ರೂಪಾಯಿ ಎಲೆಅಡಿಕೆಗೆ ಎಣಿಸಿ ಕೊಡುತ್ತಾಳೆ, ಅದೂ ಮುದುಕಿ ಎರಡು ಸಲ ಕೇಳಿದ ಮೇಲೆ. ನಾಳೆ ತಾನೂ ಆ ಜಗುಲಿಯಲ್ಲಿ ಕೂತು ಮೇನಕಾಳ ಮುಂದೆ ಕೈಚಾಚಬೇಕೇ? ಸತ್ತರೂ ಸರಿ, ಅದೊಂದು ಬೇಡ ಎಂದುಕೊಂಡಿದ್ದಳು.

ಆ ದಿನ ಸಂಜೆ ಎಲ್ಲರೂ ಉಣ್ಣಲು ಕೂತಾಗ ಮೇನಕಾಳೇ ಮಾತು ತೆಗೆದಳು. ಮುದ್ದೆ, ಹುಣಿಸೆ ಕೊಳಂಬು, ಸುಬ್ರಮಣಿಗೆ ಮಾತ್ರ ಒಂದು ಮೊಟ್ಟೆ.

"ಅತ್ತೆ, ಮಂಗಮ್ಮನ ಚೀಟು ರಿಜಿಸ್ಟರ್ ಆಗಿಲ್ಲ ಅಲ್ವಾ?"

"ಆಗ್ದಿದ್ರೆ ಏನಂತೆ? ಅದಿನೆಂಟು ವರ್ಷದಿಂದ ನಡೀತಾ ಐತೆ."

"ನಡೀತದೆ ಅತ್ತೆ, ನಾನು ಬೇಡ ಅಂದ್ನಾ? ಆದ್ರೆ ಗ್ಯಾರಂಟಿ ಅಂತ ಇಲ್ಲ. ನಾಳೆ ಕೊಡ್ಲಿಲ್ಲ ಅಂದ್ರೆ ನಾವು ಎಲ್ಲೂ ಓಗಿ ಕೇಳಂಗಿಲ್ಲ. ಪೋಸ್ಟಾಫೀಸಲ್ಲಿ ವಯಸ್ಸಾದೋರ್ಗೆ ಒಳ್ಳೆ ಸ್ಕೀಮ್ ಐತೆ. ನಿಮ್ಮ ಆಧಾರ್ ಜೆರಾಕ್ಸ್ ಒಂದು, ಫೋಟೋ ಎರಡು ಕೊಡಿ, ಫಾರಂ ರೆಡಿ ಮಾಡಿ ಮಡಗ್ತೀನಿ."

ಬೆಳಿಗ್ಗೆ ಗಂಟು ಬೇರೆ, ಸಂಜೆ ಆಧಾರ್ ಜೆರಾಕ್ಸು! ಗೋವಿಂದಮ್ಮ ಸೊಸೆಯ ಮುಖವನ್ನೇ ನೋಡಿದಳು.

"ಇನ್ನೂ ಕಾಸೇ ಬಂದಿಲ್ಲ, ಆಗ್ಲೇ ಫಾರಂ ಯಾಕೆ?"

"ಸುಮ್ನೆ, ರೆಡಿಯಾಗಿರ್ಲಿ ಅಂತ."

ಗೋಪಾಲಪ್ಪನ ಕೈ ತಟ್ಟೆಯಲ್ಲೇ ನಿಂತಿತ್ತು. ಮಂಡಿಯ ಧೂಳು ಕುಡಿದ ಗಂಟಲು ಅವನದು. ಮೂರು ಸಲ ಕೆಮ್ಮಿದರೆ ಕೊನೆಗೊಂದು ಸಣ್ಣ ಕೀರಲು ಬಂದೇ ಬರುತ್ತಿತ್ತು. ಕೆಮ್ಮಿ, ಕೀರಲಿಟ್ಟು, ನೀರು ಕುಡಿದು ಕೇಳಿದ: "ಅಲ್ಲಮ್ಮಾ, ಆ ಮಂಗಮ್ಮ ಕೊಡ್ದೆ ಓಡ್ಬುಟ್ರೆ ಏನೂ ಮಾಡಂಗಿಲ್ವಾ?"

"ಏನೂ ಇಲ್ಲ ಮಾವ."

"ಪೋಲೀಸ್ನೋರು?"

"ಪೇಪರೇ ಇಲ್ದೆ ಅವ್ರು ತಾನೇ ಏನ್ ಮಾಡ್ತಾರೆ?"

"ನಿಂಗ್ಯಾಕಯ್ಯಾ ಆ ಚಿಂತೆ?" ಎಂದಳು ಗೋವಿಂದಮ್ಮ. "ಕಟ್ಟೋಳು ನಾನು. ಸುಮ್ನೆ ಉಣ್ಣು."

ಗೋಪಾಲಪ್ಪ ಎರಡು ತುತ್ತು ಉಂಡು ಅರ್ಧಕ್ಕೇ ಕೈ ತೊಳೆಯಲು ಎದ್ದುಹೋದ. ಸುಬ್ರಮಣಿಗೆ ಇದೇ ಸಮಯ ಎನಿಸಿತು.

"ಅದ್ಕೇ ಅಮ್ಮಾ ನಾನೇಳೋದು. ಸೇಲಂನಲ್ಲಿ ಒಂದು ಕುಟ್ಟಿ ಯಾನೆ ಮಾರಾಟಕ್ಕೆ ಬಂದೈತೆ. ನೀನು ಚೀಟು ಎತ್ತಿ ಕೊಡು, ಮಿಕ್ಕಿದ್ದು ಫೈನಾನ್ಸು. ತಿಂಗ್ಳ ತಿಂಗ್ಳ ನಿಂಗೆ ಬಡ್ಡಿ ಕೊಡ್ತೀನಿ."

"ಓದ್ ವರ್ಷ ನಿನ್ ಫೋನ್‌ಗೆ ಅಂತ ಇಸ್ಕೊಂಡ ಎಂಟು ಸಾವಿರಕ್ಕೆ ಎಷ್ಟು ಬಡ್ಡಿ ಬಂತಲಾ?"

ಸುಬ್ರಮಣಿ ಮೊಟ್ಟೆಯನ್ನು ಬಾಯಿಗೆ ತುಂಬಿಕೊಂಡ. ಜಗುಲಿಯಿಂದ ಪೆದ್ದಮ್ಮನ ದನಿ ಬಂತು: "ಗೋವಿಂದೀ, ಎಲೆಗೆ ಕಾಸು ಕೊಡ್ಲೇ ಇಲ್ವಲ್ಲೇ ಈ ವಾರ."

"ನಾಳೆ ಕೊಡ್ತೀನಿ ಬುಡತ್ತೆ. ಎಲೆ ಇಲ್ದಿದ್ರೆ ಪ್ರಾಣ ಓಗ್ತದಾ?"

ಆಧಾರ್ ಪ್ರತಿಯನ್ನು ಗೋವಿಂದಮ್ಮ ಕೊಡಲಿಲ್ಲ. ನಾಲ್ಕು ದಿನ ಬಿಟ್ಟು ಸಜ್ಜದ ಮೇಲಿನ ಬಿಸ್ಕತ್ತಿನ ಡಬ್ಬಿ ತೆಗೆದು ನೋಡಿದರೆ ಮೂರು ಪ್ರತಿಯಲ್ಲಿ ಎರಡೇ ಇದ್ದವು. ಕೇಳಿದ್ದಕ್ಕೆ, "ನಾನೇ ಕೊಟ್ಟೆ ಅಮ್ಮಾ, ಅವ್ಳು ಕೇಳಿದ್ಲು," ಎಂದ ಸುಬ್ರಮಣಿ, ಬೆಂಕಿಪೊಟ್ಟಣ ಕೊಟ್ಟಷ್ಟು ಸಲೀಸಾಗಿ.

ಆ ಭಾನುವಾರ ಮೇನಕಾ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತ, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ತಮ್ಮ ಇಳಂಗೋ ಜೊತೆ ಮಾತಾಡುತ್ತಿದ್ದಳು. ಗೋವಿಂದಮ್ಮ ಗೋಡೆಯ ಈಚೆ ನಿಂತು ಕಿವಿಗೊಟ್ಟಳು. "ಅತ್ತೆ ಕಾಸು ದಾನ್‌ಡಾ. ಚೀಟು ವಂದ ಉಡನೇ ಪೋಟ್ಟುಡಲಾಂ. ಕೈಯೆಳುತ್ತು ಮಟ್ಟುಂ ವಾಂಗಣುಂ." ಅತ್ತೆಯ ದುಡ್ಡೇ ಕಣೋ, ಚೀಟಿ ಬಂದ ಕೂಡಲೇ ಹಾಕಿಬಿಡೋಣ, ಅವರ ರುಜು ಒಂದು ಸಿಕ್ಕಿದರೆ ಸಾಕು. ಗೋವಿಂದಮ್ಮನ ತಮಿಳಿಗೇನು ಕೊರತೆ? ಒಂದೊಂದು ಮಾತೂ ಬರೆ ಎಳೆದ ಹಾಗೆ ತಾಕಿತು. ಅಬ್ಬಾ, ಅಕ್ಕತಮ್ಮ ಸೇರಿ ಎಷ್ಟು ಚೆನ್ನಾಗಿ ಗೋರಿ ತೋಡುತ್ತಿದ್ದಾರೆ!

ಇದು ಸಾಲದೆಂದು ಆ ವಾರವೇ ಮಂಗಮ್ಮನ ಮನೆಗೆ ಬೀಗ ಬಿತ್ತು. ಒಂದು ದಿನವಲ್ಲ, ಮೂರು ದಿನ. ಪಕ್ಕದ ಮನೆಯ ಶಶಿಕಲಾ, "ದೊಡ್ಡ ಬ್ಯಾಗ್ ತಗೊಂಡು ಬೆಳಿಗ್ಗೆ ಸೇಲಂ ಬಸ್ ಅತ್ತಿದ್ಲು ಕಣಕ್ಕಾ. ಮಗ ಬೇರೆ ಜೊತೇಲಿ," ಎಂದಳು. ಮಗ ಹೋದ ತಿಂಗಳಷ್ಟೇ ಹೊಸ ಬುಲೆಟ್ ತೆಗೆದಿದ್ದ. ಬುಲೆಟ್ಟಿಗೆ ದುಡ್ಡು ಎಲ್ಲಿಂದ ಬಂತು? ಬ್ಯಾಗು ಯಾಕೆ ದೊಡ್ಡದು? ಹದಿನೆಂಟು ವರ್ಷ ಕೊಟ್ಟವಳು ಹತ್ತೊಂಬತ್ತನೇ ವರ್ಷ ಕೊಡಲೇಬೇಕೆಂದು ಯಾವ ಶಾಸನವಿದೆ? ಸೊಸೆಯ ಮಾತನ್ನು ಕಿವಿಗೇ ಹಾಕಿಕೊಳ್ಳದಿದ್ದ ಗೋವಿಂದಮ್ಮನಿಗೆ ಈಗ ಆ ಮಾತಿನಲ್ಲಿ ‘ಎಲ್ಲೂ ಓಗಿ ಕೇಳಂಗಿಲ್ಲ’ ಎಂಬಷ್ಟು ಮಾತ್ರ ನೆನಪಿನಲ್ಲಿ ನಿಂತಿತು. ಸೆಪ್ಟೆಂಬರಿನವರೆಗೆ ಕಾದರೆ ಮಂಗಮ್ಮ ಓಡುತ್ತಾಳೆ. ಓಡದಿದ್ದರೆ ಮೇನಕಾ ರುಜು ಹಾಕಿಸಿಕೊಳ್ಳುತ್ತಾಳೆ. ಎರಡರ ನಡುವೆ ಉಳಿದ ದಾರಿ ಒಂದೇ. ಬರುವ ಐದನೇ ತಾರೀಖಿಗೆ ತಾನೇ ತಳ್ಳಿ ಹಣ ಎತ್ತಿಬಿಡುವುದು, ಮನೆಯಲ್ಲಿ ಯಾರಿಗೂ ಹೇಳದೆ ಬಚ್ಚಿಡುವುದು. ಹತ್ತೋ ಹದಿನೈದೋ ಸಾವಿರ ಹೋದರೆ ಹೋಗಲಿ, ಪೂರ್ತಿ ಹೋಗುವುದಕ್ಕಿಂತ ವಾಸಿ.

ಮಾರ್ಚ್ ಐದು. ಶಾಲೆಗೆ ಯಾರೋ ಆಫೀಸರ್ ಬರುತ್ತಾರೆ, ತಡವಾಗುತ್ತದೆ ಎಂದು ಮನೆಯಲ್ಲಿ ಸುಳ್ಳು ಹೇಳಿ, ನಾಲ್ಕು ಗಂಟೆಗೆ ಮಂಗಮ್ಮನ ಜಗುಲಿಗೆ ಹೋದಳು. ಮಂಗಮ್ಮ ಊರಿಗೆ ಬಂದಿದ್ದಳು, ಆದರೆ ಕಣ್ಣಿಗೆ ಕಪ್ಪು ಕನ್ನಡಕ! ಮನೆಯೊಳಗೆ ಕೂತು ಕಪ್ಪು ಕನ್ನಡಕ ಹಾಕುವವಳು ಕಣ್ಣಿನಲ್ಲಿ ಏನು ಮುಚ್ಚಿಡುತ್ತಿದ್ದಾಳೋ ಎಂದುಕೊಂಡಳು ಗೋವಿಂದಮ್ಮ.

ಮಂಗಮ್ಮನ ಏಲಕ್ಕೆ ಅದರದೇ ಕಟ್ಟಳೆ ಇತ್ತು. ಹಿಂದೊಮ್ಮೆ ಬಾಯಿಬಾಯಿ ಬಡಿದಾಡಿ ಇಬ್ಬರು ಹೆಂಗಸರು ಜುಟ್ಟು ಹಿಡಿದಿದ್ದರು. ಅಂದಿನಿಂದ ಅಲ್ಲಿ ಕೂತವರು ತುಟಿ ಬಿಚ್ಚುವಂತಿಲ್ಲ. ನಡುವೆ ಕಾಳು ಅಳೆಯುವ ಒಂದು ಹಿತ್ತಾಳೆ ಪಡಿ. ತಳ್ಳುವವರು ಹುಣಿಸೆ ಬೀಜ ಹಾಕಬೇಕು, ಒಂದು ಬೀಜಕ್ಕೆ ಒಂದು ಸಾವಿರ. ಬರಲಾಗದವರು ಫೋನಿನಲ್ಲಿ ಹೇಳಬಹುದು. ಯಾರ ಹೆಸರೂ ಕೂಗುವುದಿಲ್ಲ, ನಂಬರು ಮಾತ್ರ. ಗೋವಿಂದಮ್ಮನದು ಹನ್ನೆರಡು.

ಹದಿನಾಲ್ಕನೇ ತಿಂಗಳಾದ್ದರಿಂದ ಇನ್ನೂ ತೆಗೆಯದವರು ಏಳೇ ಜನ. ಹತ್ತು, ಹನ್ನೊಂದು ಸಾವಿರಕ್ಕೆ ಮುಗಿದುಹೋಗಬೇಕಾದ ಏಲ. ಗೋವಿಂದಮ್ಮ ಮಡಿಲಿನಿಂದ ಒಂದೇ ಸಲಕ್ಕೆ ಹನ್ನೆರಡು ಬೀಜ ಸುರಿದಾಗ ಮಂಗಮ್ಮ ಅವಳ ಕಿವಿಯ ಹತ್ತಿರ ಬಾಗಿದಳು.

"ಏನಕ್ಕಾ ಇದು, ಯಾವತ್ತೂ ಕಡೇ ಚೀಟು ನಿಂದು. ಮನೇಲೇನಾದ್ರೂ ಕಷ್ಟನಾ?"

ಗೋವಿಂದಮ್ಮ ಇಲ್ಲವೆಂದು ತಲೆಯಾಡಿಸಿದಳು. ಕೇಳುವವಳು ಯಾಕೆ ಇಷ್ಟು ಮೆತ್ತಗೆ ಕೇಳುತ್ತಾಳೆ ಎಂದು ಅದಕ್ಕೂ ಅನುಮಾನ ಬಂತು.

"ಅನ್ನೆರಡನೇ ನಂಬರ್, ಅನ್ನೆರಡು ಸಾವಿರ," ಎಂದು ಕೂಗಿದಳು ಮಂಗಮ್ಮ. ಚಾಪೆಯ ಮೇಲಿಟ್ಟ ಫೋನಿನಿಂದ ಒಬ್ಬ ಗಂಡಸಿನ ತಮಿಳು ದನಿ ಬಂತು: "ಪದಿಮೂಣು."

"ಏಳ್ನೇ ನಂಬರ್, ಅದಿಮೂರು."

ಗೋವಿಂದಮ್ಮ ಎರಡು ಬೀಜ ಹಾಕಿದಳು. ಫೋನಿನ ಹಿಂದೆ ಯಾರೋ ಗುಸುಗುಸು ಎಂದರು, ಆಮೇಲೆ, "ಪದಿನಾರು." ಯಾರೋ ಹೇಳಿಕೊಡುತ್ತಿದ್ದಾರೆ! ವಯಸ್ಸಿನ ಗಂಡಸಿನ ದನಿಯೋ ಹುಡುಗನದೋ ಆ ಗೊರಗೊರದಲ್ಲಿ ತಿಳಿಯುವಂತಿರಲಿಲ್ಲ. ಗೋವಿಂದಮ್ಮನಿಗೆ ತಿಳಿಯಬೇಕಾಗಿಯೂ ಇರಲಿಲ್ಲ. ಇಳಂಗೋ ಇವನೇ. ಹಿಂದೆ ನಿಂತು ಗುಸುಗುಟ್ಟುವವಳು ಅವನ ಅಕ್ಕ. ನನ್ನ ಚೀಟಿ ನೋಡಿ ಹೋಗಿ, ಅದೇ ಚೀಟಿಯಲ್ಲಿ ತಮ್ಮನ ಹೆಸರಿನಲ್ಲಿ ನಂಬರು ಹಿಡಿದು, ನನ್ನ ಬಾಯಿಗೇ ಮಣ್ಣು ಹಾಕಲು ಕೂತಿದ್ದಾರೆ. ಆಗಲಿ ನೋಡೋಣ, ಯಾರ ಮಡಿಲಲ್ಲಿ ಎಷ್ಟು ಬೀಜವಿದೆಯೋ!

ಇಪ್ಪತ್ತಕ್ಕೆ ಮಿಕ್ಕವರೆಲ್ಲ ಹಿಂದೆ ಸರಿದು ಗೋಡೆಗೊರಗಿದರು. ಇಪ್ಪತ್ತೆರಡು. ಇಪ್ಪತ್ತೈದು. ಮೂವತ್ತಾದಾಗ ಶಶಿಕಲಾ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ತಳ್ಳಿದಷ್ಟೂ ಅವಳಿಗೂ ಪಾಲು ತಾನೇ? ಗೋವಿಂದಮ್ಮನ ಕೈ ನಿಲ್ಲಲಿಲ್ಲ. "ಮುಪ್ಪತ್ತೇಳು," ಎಂದಿತು ಫೋನು. ಅವಳು ಒಂದು ಬೀಜ ಹಾಕಿದಳು. ಮೂವತ್ತೆಂಟು.

ಫೋನಿನಲ್ಲಿ ಮತ್ತೆ ಗುಸುಗುಸು ನಡೆಯಿತು. "ಪೋದುಂ, ವಿಡುಂಗ," ಎಂದಿತು ಕೊನೆಗೆ; ಸಾಕು, ಬಿಡಿ ಎಂದು.

ಮಂಗಮ್ಮ ಮೂರು ಸಲ ಕೂಗಿ, ಪಡಿಯನ್ನು ಬೋರಲು ಹಾಕಿ, "ಅನ್ನೆರಡನೇ ನಂಬರ್‌ಗೆ," ಎಂದಳು. ಗೆದ್ದೆ ಎಂದು ಗೋವಿಂದಮ್ಮ ಉಸಿರು ಬಿಡುವಷ್ಟರಲ್ಲಿ ಫೋನು ಕೆಮ್ಮಿತು. ಆ ಕಡೆಯವರು ಅದನ್ನು ಆರಿಸಿರಲಿಲ್ಲ. ಒಂದು, ಎರಡು, ಮೂರು, ಕೊನೆಗೊಂದು ಸಣ್ಣ ಕೀರಲು. ಆಮೇಲೆ ತಮಿಳಲ್ಲ, ಅಚ್ಚ ಮನೆಯ ಕನ್ನಡ:

"ಓಗ್ಲಿ ಬುಡ್ಲಾ ಮುನಿಸ್ವಾಮಿ. ನಮ್ ಅಣೇಬರ. ಯಾವ ಕೇಡಿ ಮುಂಡೆ ಇಂಗೆ ತಳ್ಳಿದ್ಲೋ, ಅವ್ಳ ಮನೆ ಆಳಾಗ!"

ಜಗುಲಿಯಲ್ಲಿ ಕೂತವರೆಲ್ಲ ಗೋವಿಂದಮ್ಮನನ್ನು ನೋಡಿದರು. ಆ ದನಿ ಯಾರದೆಂದು ಆ ಬೀದಿಯಲ್ಲಿ ತಿಳಿಯದವರಿರಲಿಲ್ಲ. ಮಂಗಮ್ಮ ಅವಸರವಾಗಿ ಫೋನು ಆರಿಸಿದಳು.

"ದೇವ್ರಾಣೆ ನಂಗೊತ್ತಿಲ್ಲ ಕಣಕ್ಕಾ. ನಲ್ಲಂಪಳ್ಳಿ ಮುನಿಸ್ವಾಮಿ, ಮಂಡೀಲಿ ಮೂಟೆ ಒರೋನು, ಅವ್ನ ಎಸ್ರಲ್ಲೇ ಐತೆ ನಂಬರು. ಕಾಸು ಯಾರ್ದು ಅಂತ ನಾನ್ಯಾಕೆ ಕೇಳ್ಲಿ?"

"ಇದ್ನ ಬುಟ್ಬುಡು ಮಂಗಮ್ಮಾ. ನಂಗೆ ಬ್ಯಾಡ. ನಾನು ಕಡೇಗೇ ತಗೊತೀನಿ."

"ಪಡಿ ಬೋರಲಾದ್ಮೇಲೆ ಎಂಗಕ್ಕಾ ಆಯ್ತದೆ? ಇವತ್ತು ನಿಂಗೆ ಬುಟ್ರೆ ನಾಳೆ ನಾನು ಚೀಟು ನಡ್ಸೋದು ಎಂಗೆ?" ಮಂಗಮ್ಮ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ಬಲಗಣ್ಣು ಕೆಂಪಗೆ ಊದಿತ್ತು. "ಪೊರೆ ತೆಗ್ಸಿ ಇನ್ನೂ ಅದಿನೈದು ದಿನ ಆಗಿಲ್ಲ. ಸೇಲಂ ಡಾಕ್ಟ್ರು ಈ ಐದನೇ ತಾರೀಕು ಏಲ ಬ್ಯಾಡ ಅಂದ್ರು. ಜನ ಏನಂದ್ಕೊತಾರೋ ಅಂತ ಬಂದು ಕೂತೆ."

ಅರವತ್ತೆರಡು ಸಾವಿರ. ಮರುದಿನ ಬೆಳಿಗ್ಗೆ ಒಂದು ರೂಪಾಯಿ ಕಡಿಮೆಯಿಲ್ಲದೆ ಮಂಗಮ್ಮ ಮನೆಗೇ ತಂದುಕೊಟ್ಟಳು. ಆದರೆ ಅದಕ್ಕೆ ಮುಂಚೆ ಆ ಸಂಜೆಯೊಂದು ಇತ್ತಲ್ಲ.

ಗೋಪಾಲಪ್ಪ ಒಂದು ಚಪ್ಪಲಿ ಕಳಚಿ ಇನ್ನೊಂದಕ್ಕೆ ಬಗ್ಗುವಾಗಲೇ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಮಗ, ಸೊಸೆ ಇಬ್ಬರೂ ಬಂದಾಗಿತ್ತು. ಬೀದಿಯವರು ಅವರಿಗೆ ಸುದ್ದಿ ಮುಟ್ಟಿಸಿಯೂ ಆಗಿತ್ತು.

"ಏಳ್ನೇ ನಂಬರ್ ಯಾರ್ದಯ್ಯಾ?"

ಗೋಪಾಲಪ್ಪ ಚಪ್ಪಲಿಯನ್ನೇ ನೋಡಿದ.

"ನಿಂಗೆ ಸಂಬಳ ಎಷ್ಟು?"

"ಒಂಬತ್ತು."

"ನಿಮ್ಮವ್ವನ್ ಮೇಲೆ ಆಣೆ ಇಕ್ಕು."

"...ಅದಿಮೂರು."

"ಯಾವತ್ತಿಂದ?"

"ಓದ್ ವರ್ಷದ ಪೊಂಗಲಿಂದ."

"ಒಂದ್ವರ್ಷ! ಒಂದ್ವರ್ಷದಿಂದ ನನ್ ಕೈಲಿ ಒಂಬತ್ತು ಮಡಗಿ, ಕೊಳಂಬಲ್ಲಿ ಬೇಳೆ ಕಮ್ಮಿ ಅಂತ ಬೇರೆ ಅಂತಿದ್ದೆ. ನಾನು ನಿಂಗೇನು ಪರದೇಶಿನಾ? ಯಾರಿಗಯ್ಯಾ ಕೂಡಿಕ್ತಿದ್ದೆ?"

"ನಂಗೇ."

"ನಿಂಗ್ಯಾಕೆ? ಮನೆ ಇಲ್ವಾ? ನಾನಿಲ್ವಾ?"

ಗೋಪಾಲಪ್ಪ ಮೂವತ್ತೈದು ವರ್ಷದಲ್ಲಿ ಹೆಂಡತಿಗೆ ಎದುರಾಡಿದ್ದು ಬೆರಳೆಣಿಕೆ. ಅಂದು ತಲೆಯೆತ್ತಿದ. "ನೀನಿರೋದ್ಕೇ ಕಣೇ. ಗಂಟ್ಲು ಇಂಗೈತೆ, ಮಂಡಿಯೋರು ಇನ್ನೆಷ್ಟು ದಿನ ಇಕ್ಕೋತಾರೆ? ಆಮೇಲೆ ಬೀಡಿಗೂ ಮಾತ್ರೆಗೂ ನಿನ್ ಮುಂದೆ ಕೈಚಾಚ್ಬೇಕು. ನಿನ್ ಕೈಯಿಂದ ಇಸ್ಕೊಂಡು ಬದ್ಕೋದು ಎಂಗಿರ್ತದೆ ಅಂತ ನಂಗೊತ್ತಿಲ್ವಾ? ನಮ್ಮವ್ವನ್ನ ದಿನಾ ನೋಡ್ತಾ ಇಲ್ವಾ ನಾನು?"

ಜಗುಲಿಯಲ್ಲಿ ಎಲೆ ಕುಟ್ಟುವ ಸದ್ದು ನಿಂತಿತು. ಗೋವಿಂದಮ್ಮನ ಮೈಯೆಲ್ಲ ನಾಚಿಕೆಯಿಂದ ಬಿಸಿಯಾಯಿತು. ಆ ನಾಚಿಕೆಯನ್ನು ಯಾರ ಮೇಲಾದರೂ ಎಸೆಯಬೇಕಾಗಿತ್ತು.

"ಎಲ್ಲಾ ಇವ್ಳಿಂದ!" ಎಂದು ಸೊಸೆಯ ಕಡೆ ತಿರುಗಿದಳು. "ಓಡೋಗ್ತಾಳೆ, ಓಡೋಗ್ತಾಳೆ ಅಂತ ಮನೆಗೆ ಬೆಂಕಿ ಇಕ್ಕಿದೋಳು ನೀನು. ಗಂಟು ಬಿಚ್ಚಿ ಕಾರ್ಡ್ ನೋಡಿದ್ದೂ ನೀನೇ. ತಮ್ಮನ್ ಜೊತೆ ಸೇರಿ ನನ್ ರುಜು ತಗೊಳ್ಳೋಕೆ..."

"ಅತ್ತೆ, ನಿಲ್ಸಿ!" ಮೇನಕಾಳ ಕಣ್ಣಲ್ಲಿ ನೀರು ಬಂದುಬಿಟ್ಟಿತು. "ಇಳಂಗೋ ಪೋಸ್ಟ್‌ಮ್ಯಾನ್ ಅಲ್ವಾ? ಅವ್ನ ಅತ್ರ ಕೇಳ್ದೆ ಇನ್ಯಾರ ಅತ್ರ ಕೇಳ್ಲಿ? ಪೋಸ್ಟಾಫೀಸ್ ಫಾರಂಗೆ ನಿಮ್ ರುಜು ಬೇಡ್ವಾ? ನಾನು ರಿಜಿಸ್ಟರ್ ಆಗಿಲ್ಲ ಅಂದೆ, ಓಡೋಗ್ತಾರೆ ಅಂದ್ನಾ? ಈ ಚೀಟು ಕಡೇವರ್ಗೂ ಮಡೀಕೊಳ್ಳಿ, ಇನ್ನೊಂದು ಆಕ್ಬೇಡಿ ಅಂತ ಏಳೋಣ ಅಂತಿದ್ದೆ. ನೀವು ಕೇಳೋಕೆ ನಿಂತ್ಕೊಂಡ್ರಾ? ಮಾವನೂ ಅರ್ಧಕ್ಕೇ ಎದ್ದೋದ್ರು."

ಅದು ನಿಜ. ಕೇಳುವ ತಾಳ್ಮೆ ಆ ದಿನ ಇಬ್ಬರಿಗೂ ಇರಲಿಲ್ಲ. ಮೇನಕಾ ಮೂಗು ಒರೆಸಿಕೊಂಡು ಫೋನು ತೆಗೆದು ಲೆಕ್ಕ ಒತ್ತಿದಳು.

"ಆರು ತಿಂಗ್ಳು ಕಾದಿದ್ರೆ ತೊಂಬತ್ತೈದು. ಈಗ ಅರವತ್ತೆರಡು. ಮೂವತ್ಮೂರು ಸಾವಿರ ಓಯ್ತು."

"ಎಲ್ಗೋಯ್ತು? ಯಾರು ತಿಂದ್ರು?"

"ಇಪ್ಪತ್ತು ಜನಾನೂ ತಿಂದ್ರು. ತಲೆಗೆ ಸಾವಿರದ ಆರ್ನೂರ ಐವತ್ತು. ನಿಮ್ಗೂ ಒಂದು ಪಾಲು ಬತ್ತದೆ." ಗೋಪಾಲಪ್ಪನ ಕಡೆ ನೋಡಿ, "ಮಾವನ್ಗೂ," ಎಂದಳು.

ಗೋಪಾಲಪ್ಪನ ಮುಖದಲ್ಲಿ ನಗು ಬಂದಂತಾಗಿ, ಹೆಂಡತಿಯ ಕಣ್ಣು ನೋಡಿ ಅಲ್ಲೇ ಸತ್ತಿತು. ಸುಬ್ರಮಣಿ, "ಆಗಾದ್ರೆ ಆ ಅರವತ್ತೆರಡರಲ್ಲಿ ಗಾಡಿಗೆ..." ಎಂದು ಶುರುಮಾಡಿದ. ಮೂವರೂ ಒಟ್ಟಿಗೆ, "ಮುಚ್ಚಲಾ ಬಾಯಿ!" ಎಂದರು.

ಆಮೇಲೆ ಎರಡು ವಾರ ಆ ಮನೆಯಲ್ಲಿ ತಟ್ಟೆಗಳು ಮಾತಾಡಿದವೇ ಹೊರತು ಜನ ಮಾತಾಡಲಿಲ್ಲ. ಗೋಪಾಲಪ್ಪ ಒಂದನೇ ತಾರೀಖು ಸಂಬಳದ ಕವರನ್ನು ಒಡೆಯದೆ ತಂದು ಒಲೆಯ ಪಕ್ಕ ಇಟ್ಟ. ಗೋವಿಂದಮ್ಮ ಅದನ್ನು ಬೆಳಕಿಗೆ ಹಿಡಿದು, ಅಂಟು ಹೊಸದೋ ಹಳೆಯದೋ ಎಂದು ನೋಡಿ, ಏಳನೇ ನಂಬರಿನ ಕಂತು ತೆಗೆದು ಅವನಿಗೇ ಹಿಂದಕ್ಕೆ ಕೊಟ್ಟಳು. "ಇನ್ನು ತಳ್ಳಿದ್ರೆ ನೋಡು. ಸೆಪ್ಟೆಂಬರ್ ತನ್ಕ ಅಲ್ಲಾಡ್ಬ್ಯಾಡ," ಎಂದಳು. ಆದರೂ ಮುಂದಿನ ಐದನೇ ತಾರೀಖು ಮಂಗಮ್ಮನ ಜಗುಲಿಯ ಮುಂದೆ ಎರಡು ಸಲ ಸುಮ್ಮನೆ ಅಡ್ಡಾಡಿ, ಒಳಗೆ ಕೆಮ್ಮು ಕೇಳುತ್ತದೆಯೇ ಎಂದು ಕಿವಿಗೊಟ್ಟು ಬಂದಳು.

ಮೇನಕಾ ಜೊತೆ ಅಂಚೆ ಕಚೇರಿಗೂ ಹೋದಳು. ಮಿಕ್ಕ ಕಂತುಗಳಿಗೆಂದು ಇಪ್ಪತ್ತು ಸಾವಿರ ಪಕ್ಕಕ್ಕೆ ತೆಗೆಸಿದಳು ಸೊಸೆ; ಸಂಬಳ ನಿಂತ ಮೇಲೂ ಕಟ್ಟಬೇಕಲ್ಲ. ತೊಂಬತ್ತೈದು ಆಗಬೇಕಿದ್ದ ದುಡ್ಡು ನಲವತ್ತೆರಡಾಗಿ ಕಾಗದದಲ್ಲಿ ಕೂತಿತು. ಇಳಂಗೋ ರಜೆ ಹಾಕಿ ಬಂದಿದ್ದ. ಫಾರಮ್ಮನ್ನು ಅವನ ಕೈಯಿಂದ ಮೂರು ಸಲ ಓದಿಸಿ, ಕೊನೆಗೆ ಕೌಂಟರಿನ ಹುಡುಗಿಯಿಂದ ಒಂದು ಸಲ ಓದಿಸಿ, ಆಮೇಲೆ ರುಜು ಹಾಕಿದಳು ಗೋವಿಂದಮ್ಮ. ಇಳಂಗೋ ಬೇಸರಪಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಟೀ ಕೊಡಿಸಿ, ದುಡ್ಡು ಅವನೇ ಕೊಟ್ಟ. ಇವನು ಯಾಕೆ ಕೊಟ್ಟ ಎಂದು ಮನೆ ತಲುಪುವವರೆಗೂ ಯೋಚಿಸಿದಳು.

ಒಂದು ಮಾತ್ರ ಬಗೆಹರಿಯಲಿಲ್ಲ. ಮೂಟೆಯ ಗಂಟು. ಮೇನಕಾ ದೇವರ ದೀಪ ಮುಟ್ಟಿ ತಾನಲ್ಲ ಎಂದಿದ್ದಳು. ಗೋಪಾಲಪ್ಪ, "ನಿನ್ ಕಾರ್ಡ್ ನಾನ್ಯಾಕೆ ನೋಡ್ಲಿ, ನಂದೇ ಐತಲ್ಲ," ಎಂದಿದ್ದ. ಸುಬ್ರಮಣಿಗೆ ಅಲ್ಲಿ ಏನಿದೆಯೆಂಬುದೇ ಗೊತ್ತಿರಲಿಲ್ಲ.

ಏಪ್ರಿಲ್ ನಡುವಿಗೆ ಮೂಟೆ ತಳ ಕಂಡಿತು. ಪೆದ್ದಮ್ಮ ಜ್ವರ ಬಂದು ಎಂಟು ದಿನದಿಂದ ಮಲಗಿದ್ದಳು. ಗಂಜಿಗೆ ರಾಗಿ ಹಿಟ್ಟು ಮುಗಿದಿತ್ತು. ಗೋವಿಂದಮ್ಮ ಮೂಟೆಯನ್ನು ಬಗ್ಗಿಸಿ ಕೊಡವಿದಾಗ ಕೊನೆಯ ರಾಗಿಯ ಜೊತೆ ಒಂದು ಬಟ್ಟೆಯ ಸುರುಳಿ ಉರುಳಿ ಬಿತ್ತು. ಹಸಿರು ಅಂಚಿನ ಹಳೇ ಸೀರೆಯ ಚೂರು. ಅದಕ್ಕೂ ಅದೇ ಗಂಟು: ಒಂದೇ ಸುತ್ತು, ಬಿಗಿಯಾದದ್ದು, ಸೊಟ್ಟ ಬೆರಳು ಹಾಕಬಲ್ಲ ಗಂಟು.

ಬಿಚ್ಚಿದಳು. ಹತ್ತು ರೂಪಾಯಿ ನೋಟುಗಳು. ಹಳೆಯವು, ಮೆತ್ತಗಾದವು, ಒಂದರ ಮೇಲೊಂದು ತೀಡಿ ಇಟ್ಟವು. ಎಂಬತ್ತನಾಲ್ಕು ನೋಟು. ಎಂಟುನೂರ ನಲವತ್ತು ರೂಪಾಯಿ. ವಾರಕ್ಕೆ ಇಪ್ಪತ್ತು ಕೊಟ್ಟರೆ ಅದರಲ್ಲಿ ಹತ್ತು ಈ ಬಟ್ಟೆಗೆ ಸೇರುತ್ತಿತ್ತು. ಪೆದ್ದಮ್ಮ ಅರ್ಧ ಎಲೆ ಜಗಿದು ಅರ್ಧ ಕೂಡಿಟ್ಟು, ಸುರುಳಿ ದಪ್ಪವಾದ ಮೇಲೆ ಮೂಟೆಗೆ ಇಳಿಸಿದ್ದಳು. ರಾಗಿ ಮೂಟೆ ಬಚ್ಚಿಡುವ ಜಾಗವೆಂದು ಗೋವಿಂದಮ್ಮನಿಗೆ ಹೊಸದರಲ್ಲಿ ಹೇಳಿಕೊಟ್ಟವಳೂ ಈ ಅತ್ತೆಯೇ ಅಲ್ಲವೇ? ಎಂಬತ್ತೆರಡು ವರ್ಷದ ಮುದುಕಿ ಮುಂದಿನ ಕಾಲಕ್ಕೆಂದು ಕೂಡಿಡುತ್ತಿದ್ದಾಳೆ. ಅದೂ ಯಾರಿಂದ ಮುಚ್ಚಿಟ್ಟು?

ಗೋವಿಂದಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ಮೂವತ್ತಮೂರು ಸಾವಿರ ಹೋದಾಗ ಅವಳು ಅತ್ತಿರಲಿಲ್ಲ.

ಸುರುಳಿಯನ್ನು ಇದ್ದ ಹಾಗೇ ಸುತ್ತಿ, ಒಂದೇ ಬಿಗಿಗಂಟು ಹಾಕಿ, ಹೊಸ ಮೂಟೆಯ ತಳದಲ್ಲಿಟ್ಟು ಮೇಲೆ ರಾಗಿ ಸುರಿದಳು.

ಮೇ ಮೊದಲ ವಾರ ಪಿಂಚಣಿ ಬಂತು. ಜ್ವರ ಬಿಟ್ಟು ಎದ್ದಿದ್ದ ಪೆದ್ದಮ್ಮ ಮಿಷನ್ನಿಗೆ ಬೆರಳೊತ್ತಿ, ನೋಟುಗಳನ್ನು ಎಂದಿನಂತೆ ಸೊಸೆಯ ಕಡೆ ಚಾಚಿದಳು. ಗೋವಿಂದಮ್ಮ ಕೈ ಒಡ್ಡಲಿಲ್ಲ.

"ನೀನೇ ಮಡೀಕೊ ಅತ್ತೆ."

"ಆಂ?"

"ಪೂರ್ತಿ ನಿಂದೇ. ಇನ್ಮೇಲೆ ತಿಂಗ್ಳ ತಿಂಗ್ಳ ನಿನ್ ತಾವ್ಲೇ ಇರ್ಲಿ."

ಪೆದ್ದಮ್ಮ ಸೊಸೆಯ ಮುಖ ನೋಡಿದಳು. ನೋಟುಗಳನ್ನು ಒಂದು ಸಲ ಎಣಿಸಿದಳು, ಬೆರಳಿಗೆ ಎಂಜಲು ಹಚ್ಚಿ ಇನ್ನೊಂದು ಸಲ ಎಣಿಸಿದಳು. ಸಾವಿರದ ಇನ್ನೂರೇ ಇತ್ತು. ಆಮೇಲೆ ಗೋಡೆಗೆ ಇನ್ನಷ್ಟು ಒತ್ತಿ ಕೂತು ಕೇಳಿದಳು:

"ಏನೇ ಗೋವಿಂದೀ, ಈಗ ನನ್ನಿಂದ ಏನ್ ಬೇಕಾಗೈತೆ ನಿಂಗೆ?"

ಮುದುಕಿ ನೋಟುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೇಲೆ ಸೆರಗು ಎಳೆದು, ಸೊಸೆ ಒಳಗೆ ಹೋಗುವವರೆಗೂ ಅಲ್ಲಿಂದ ಕೈ ತೆಗೆಯಲಿಲ್ಲ.